ಇಂಗ್ಲಿಷ್ ಮೇಷ್ಟ್ರ ಟಿಪ್ಪಣಿ ಪುಸ್ತಕ: ಸಹಿಗೋ, ಪಾಠಕ್ಕೋ?

ಸಂಜೆ ಐದೂವರೆ ಹೊತ್ತಿಗೆ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಯಾವ ಅಂಗಡಿಯ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಹುಡ್ಗ ಹತ್ತು ವರ್ಷ ಇಂಗ್ಲಿಷ್ ಓದಿದಾನೆ ಸ್ವಾಮಿ, ಕಂಪನಿಯಿಂದ ಬಂದ ಒಂದು ಕಾಗದ ಓದಿ ಹೇಳು ಅಂದ್ರೆ ಬೆಬ್ಬೆಬ್ಬೆ ಅಂತಾನೆ!" ಹೇಳುವವರು ಅಂಗಡಿಯ ಯಜಮಾನರು. ಹುಡುಗ ಅಲ್ಲೇ ಸಕ್ಕರೆ ಪೊಟ್ಟಣ ಕಟ್ಟುತ್ತಾ ತಲೆ ತಗ್ಗಿಸಿರುತ್ತಾನೆ. ಎಸ್.ಎಸ್.ಎಲ್.ಸಿ. ಪಾಸಾದವನೇ. ಇಂಗ್ಲಿಷಿನಲ್ಲಿ ನೂರಕ್ಕೆ ಅರವತ್ತು ಬಂದಿದ್ದರೂ ಆಶ್ಚರ್ಯವಿಲ್ಲ.

ತಪ್ಪು ಯಾರದು? ಹುಡುಗನದು ಅಂತ ಯಜಮಾನರು. ಮೇಷ್ಟ್ರದು ಅಂತ ಹುಡುಗನ ತಂದೆ. ಪ್ರೈಮರಿಯಲ್ಲಿ ಏನೂ ಕಲಿಸಿಲ್ಲ ಅಂತ ಹೈಸ್ಕೂಲ್ ಮೇಷ್ಟ್ರು. ಸರ್ಕಾರ ಮೇಷ್ಟ್ರುಗಳನ್ನೇ ಕೊಟ್ಟಿಲ್ಲ ಅಂತ ಪ್ರೈಮರಿಯವರು. ಈ ಚೆಂಡಾಟದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಹುಡುಗ ಕೂತಿದ್ದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ದಿನಾ ನಲವತ್ತು ನಿಮಿಷ ಏನು ನಡೆಯುತ್ತಿತ್ತು? ಏನು ನಡೆಯಬೇಕು ಅಂತ ಹಿಂದಿನ ಸಂಜೆಯಾದರೂ ಯಾರಾದರೂ ಕೂತು ಯೋಚಿಸಿದ್ದರೇ?

ಯೋಚಿಸಿದ್ದಕ್ಕೆ ದಾಖಲೆ ಏನೋ ಇದೆ. ಅದಕ್ಕೆ ಪಾಠ ಟಿಪ್ಪಣಿ ಎಂದು ಹೆಸರು. ವರ್ಷದ ಪಾಠ ಹಂಚಿಕೆ ಒಂದು, ಘಟಕ ಯೋಜನೆ ಇನ್ನೊಂದು, ದಿನದ ಟಿಪ್ಪಣಿ ಮತ್ತೊಂದು. ಎಲ್ಲಾ ಶಾಲೆಯಲ್ಲೂ ಬೀರು ತುಂಬಾ ಇವೆ. ಪ್ರತಿ ಪುಟದ ಕೆಳಗೆ ಮುಖ್ಯೋಪಾಧ್ಯಾಯರ ಹಸಿರು ಶಾಯಿಯ ಸಹಿಯೂ ಇದೆ. ಆದರೆ ಆ ಪುಸ್ತಕ ಹುಟ್ಟುವುದು ಹೇಗೆ ಎಂಬುದು ಶಾಲೆಯ ಒಳಗಿದ್ದವರಿಗೆಲ್ಲಾ ಗೊತ್ತಿರುವ ಗುಟ್ಟು. ಹಿಂದಿನ ವರ್ಷದ್ದನ್ನು ನೋಡಿ ಈ ವರ್ಷದ್ದು ಬರೆಯುವುದು, ತಾರೀಖು ಮಾತ್ರ ಬದಲು. ಈಗ ಆ ಶ್ರಮವೂ ಬೇಡ. ಮೊಬೈಲಿಗೆ ಯಾವುದೋ ಜಿಲ್ಲೆಯ ಯಾವುದೋ ಗುಂಪಿನಿಂದ ಹದಿನೈದು ಪಾಠದ ಟಿಪ್ಪಣಿ ರೆಡಿಮೇಡ್ ಬಂದು ಬೀಳುತ್ತದೆ. ಝೆರಾಕ್ಸ್ ಅಂಗಡಿಗೆ ಹೋಗಿ ಬೈಂಡ್ ಮಾಡಿಸಿದರೆ ವರ್ಷದ ಚಿಂತೆ ಮುಗೀತು. ಕೆಲವು ಸಲ ಬರೆದ ಮೂಲ ಪುಣ್ಯಾತ್ಮರ ಶಾಲೆಯ ಹೆಸರೂ ಹಾಗೇ ಉಳಿದಿರುತ್ತದೆ. ಅದಕ್ಕೂ ಸಹಿ ಬೀಳುತ್ತದೆ!

ಹೀಗಾಗುವುದಕ್ಕೆ ಮೇಷ್ಟ್ರುಗಳೊಬ್ಬರನ್ನೇ ಬೈದರೆ ನ್ಯಾಯವಲ್ಲ. ಟಿಪ್ಪಣಿಯನ್ನು ಕೇಳುವವರು ಅದನ್ನು ಓದುವುದಕ್ಕೆ ಕೇಳುವುದಿಲ್ಲ, ಇದೆಯೋ ಇಲ್ಲವೋ ನೋಡುವುದಕ್ಕೆ ಕೇಳುತ್ತಾರೆ. ಸಾಹೇಬರು ಜೀಪಿನಿಂದ ಇಳಿದರೆ ಮೊದಲು ಹಾಜರಿ, ಆಮೇಲೆ ಬಿಸಿಯೂಟದ ಲೆಕ್ಕ, ಆಮೇಲೆ ಟಿಪ್ಪಣಿ ಪುಸ್ತಕದ ಪುಟ ತಿರುವಿ "ಮೇಂಟೇನ್ ಮಾಡಿದೀರಾ, ಗುಡ್" ಎಂದು ಹೊರಡುತ್ತಾರೆ. ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು, ಪುಸ್ತಕದಲ್ಲಿ ಬರೆದಿದ್ದಕ್ಕೂ ಹಲಗೆಯ ಮುಂದೆ ನಡೆದಿದ್ದಕ್ಕೂ ಸಂಬಂಧ ಉಂಟೇ ಎಂದು ನೋಡುವವರು ಅಪರೂಪ. ದಿನಸಿ ಅಂಗಡಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತೆರಿಗೆಯವರಿಗೆ ತೋರಿಸುವ ಪುಸ್ತಕ ಒಂದು, ಗಲ್ಲಾದ ಕೆಳಗಿರುವ ಪುಸ್ತಕ ಒಂದು ಎಂಬ ಕಥೆ ಹೊಸದಲ್ಲ. ವ್ಯತ್ಯಾಸ ಇಷ್ಟೇ. ಅಂಗಡಿಯಲ್ಲಿ ಎರಡನೇ ಪುಸ್ತಕ ಒಂದಾದರೂ ನಿಜವಾದ್ದು ಇರುತ್ತದೆ. ಇಂಗ್ಲಿಷ್ ಮೇಷ್ಟ್ರ ಬಳಿ ಎಷ್ಟೋ ಸಲ ಅದೂ ಇಲ್ಲ.

ಟಿಪ್ಪಣಿಯ ನಮೂನೆಯೂ ಒಂದು ತಮಾಷೆಯೇ. ತುಂಬಾ ಕಾಲ ಬಿ.ಎಡ್. ಕಾಲೇಜುಗಳಲ್ಲಿ ಹರ್ಬಾರ್ಟನ ಐದು ಹೆಜ್ಜೆ ಎಂದು ಉರು ಹೊಡೆಸುತ್ತಿದ್ದರು. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಹರ್ಬಾರ್ಟ್ 1841ರಲ್ಲಿ ತೀರಿಕೊಂಡ ಜರ್ಮನ್ ಪಂಡಿತ. ಐದು ಹೆಜ್ಜೆಯ ಅಚ್ಚು ಹಾಕಿದವರು ಅವನ ಶಿಷ್ಯರು. ಈಗ ಅದರ ಜಾಗಕ್ಕೆ 'ಐದು ಇ' ಎಂಬ ನಮೂನೆ ಬಂದು ಕೂತಿದೆ. ತೊಡಗಿಸು, ಪರಿಶೋಧಿಸು, ವಿವರಿಸು, ವಿಸ್ತರಿಸು, ಮೌಲ್ಯಮಾಪನ ಮಾಡು. ಇದು 1987ರ ಸುಮಾರಿಗೆ ಅಮೆರಿಕದಲ್ಲಿ ವಿಜ್ಞಾನ ಪಾಠಕ್ಕೆಂದು ತಯಾರಾದದ್ದು. ಮ್ಯಾಗ್ನೆಟ್ಟು, ಬೀಜ ಮೊಳೆಯುವುದು, ಇಂಥದ್ದಕ್ಕೆ ಹೇಳಿ ಮಾಡಿಸಿದ ಅಂಗಿ. ಅದನ್ನೇ ಇಂಗ್ಲಿಷ್ ಪದ್ಯಕ್ಕೂ ತೊಡಿಸಿ, 'ಪರಿಶೋಧನೆ' ಎಂಬ ಕಾಲಮ್ಮಿನಲ್ಲಿ ಏನು ಬರೆಯುವುದು ಎಂದು ಮೇಷ್ಟ್ರು ತಲೆ ಕೆರೆದುಕೊಳ್ಳುವ ಪರಿಸ್ಥಿತಿ. ಕಾಲಮ್ಮು ತುಂಬುತ್ತದೆ, ಪಾಠ ಮಾತ್ರ ಎಂದಿನಂತೆ. ಒಂದು ಸಾಲು ಓದು, ಕನ್ನಡದಲ್ಲಿ ಅರ್ಥ ಹೇಳು, ಇನ್ನೊಂದು ಸಾಲು ಓದು. ಕೊನೆಗೆ ಹಲಗೆಯ ಮೇಲೆ ಪ್ರಶ್ನೋತ್ತರ, ಮಕ್ಕಳು ನಕಲು.

ಹಾಗಾದರೆ ಯೋಜನೆ ಯಾಕೆ ಬೇಕು, ಬಿಟ್ಟುಬಿಡೋಣ ಎನ್ನುವವರೂ ಇದ್ದಾರೆ. ಅವರು ಒಂದು ಲೆಕ್ಕ ಹಾಕಿ ನೋಡಲಿ. ಪೀರಿಯಡ್ಡು 40 ನಿಮಿಷ. ಕ್ಲಾಸಿನಲ್ಲಿ 40 ಮಕ್ಕಳು. ಬೆಲ್ ಹೊಡೆದು, ಮಕ್ಕಳು ಕೂತು, ಪುಸ್ತಕ ತೆಗೆಯುವ ಹೊತ್ತಿಗೆ 5 ನಿಮಿಷ ಹೋಯಿತು. ಮೇಷ್ಟ್ರು 30 ನಿಮಿಷ ತಾವೇ ಮಾತಾಡಿದರು. ಉಳಿದಿದ್ದು 5 ನಿಮಿಷ, ಅಂದರೆ 300 ಸೆಕೆಂಡು. 40 ಮಕ್ಕಳಿಗೆ ಹಂಚಿದರೆ ತಲೆಗೆ ಏಳೂವರೆ ಸೆಕೆಂಡು. ಆ ಏಳೂವರೆ ಸೆಕೆಂಡೂ ಮುಂದಿನ ಬೆಂಚಿನ ಮೂವರು ಜಾಣರ ಪಾಲು. ಉಳಿದವರು ಇಡೀ ದಿನ ಬಾಯಿಂದ ಒಂದು ಇಂಗ್ಲಿಷ್ ಮಾತು ಆಡದೆ ಮನೆಗೆ ಹೋಗುತ್ತಾರೆ. ಅದೇ 40 ನಿಮಿಷದಲ್ಲಿ 10 ನಿಮಿಷ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬ ಕೇಳಬೇಕು, ಇನ್ನೊಬ್ಬ ಹೇಳಬೇಕು ಎಂದು ಮಾಡಿದರೆ ಪ್ರತಿ ಮಗುವಿಗೂ ಸುಮಾರು 5 ನಿಮಿಷ ಬಾಯಿ ಆಡಿಸುವ ಅವಕಾಶ. ಏಳೂವರೆ ಸೆಕೆಂಡೆಲ್ಲಿ, ಐದು ನಿಮಿಷವೆಲ್ಲಿ! ಇದಕ್ಕೆ ಸ್ಮಾರ್ಟ್ ಬೋರ್ಡು ಬೇಡ, ಕಂಪ್ಯೂಟರು ಬೇಡ. ಆದರೆ ಏನು ಕೇಳಬೇಕು, ಏನು ಹೇಳಬೇಕು, ಯಾವ ಐದು ಪದ ಮೊದಲೇ ಹಲಗೆಯ ಮೇಲಿರಬೇಕು ಎಂಬುದನ್ನು ಹಿಂದಿನ ದಿನ ಯೋಚಿಸಿರಬೇಕು. ಹಾಗೇ ಸುಮ್ಮನೆ "ಮಾತಾಡ್ಕೊಳ್ಳಿ" ಅಂದರೆ ಅದು ಸಂತೆಯಾಗುತ್ತದೆ, ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಜಗಳಕ್ಕೆ ಬರುತ್ತಾರೆ.

ಇಂಗ್ಲಿಷಿಗೆ ಮಾತ್ರ ಇಷ್ಟೊಂದು ಯಾಕೆ ಎಂದರೆ ಅದಕ್ಕೂ ಕಾರಣವಿದೆ. ಲೆಕ್ಕದಲ್ಲಿ ಹುಡುಗ ಹಿಂದಿದ್ದರೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಚಿಲ್ಲರೆ ಎಣಿಸುತ್ತಾ ಕಲಿತುಕೊಳ್ಳುತ್ತಾನೆ. ಕನ್ನಡ ಬೀದಿಯಲ್ಲೇ ಸಿಗುತ್ತದೆ. ಸಮಾಜ, ವಿಜ್ಞಾನ ಟಿ.ವಿ.ಯಲ್ಲೋ ಪತ್ರಿಕೆಯಲ್ಲೋ ಅಷ್ಟಿಷ್ಟು ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಹಾಗಲ್ಲ. ಹೋಬಳಿಯಿಂದ ಬೆಳಿಗ್ಗೆ ಏಳೂವರೆ ಬಸ್ಸಿಗೆ ಜೋತುಬಿದ್ದು ಬರುವ ಹುಡುಗಿಗೆ ಇಡೀ ದಿನದಲ್ಲಿ ಇಂಗ್ಲಿಷ್ ಎಂಬುದು ಸಿಗುವುದು ಆ ಒಂದು ಪೀರಿಯಡ್ಡಿನಲ್ಲಿ. ಮನೆಯಲ್ಲಿ ಕೇಳಲು ಯಾರೂ ಇಲ್ಲ. ಟ್ಯೂಷನ್ನಿಗೆ ದುಡ್ಡಿಲ್ಲ. ಆ ನಲವತ್ತು ನಿಮಿಷ ವ್ಯರ್ಥವಾದರೆ ಅವಳ ದಿನದ ಇಂಗ್ಲಿಷ್ ಪೂರ್ತಿ ವ್ಯರ್ಥವಾದಂತೆ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಶಾಲಾ ದಿನ ಎಂದಿದೆ. ದಿನಕ್ಕೊಂದು ಪೀರಿಯಡ್ ಎಂದು ಉದಾರವಾಗಿ ಹಿಡಿದರೂ ವರ್ಷಕ್ಕೆ 150 ಗಂಟೆಯೂ ಆಗುವುದಿಲ್ಲ. ಅದರಲ್ಲಿ ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಕಳೆಯಿರಿ. ಉಳಿಯುವ ಬಂಡವಾಳ ಬಹಳ ಚಿಕ್ಕದು. ಚಿಕ್ಕ ಬಂಡವಾಳದ ಅಂಗಡಿಯವನು ಸಂತೆಗೆ ಹೊರಡುವ ಮುನ್ನ ಚೀಟಿ ಬರೆದುಕೊಳ್ಳುತ್ತಾನೆ. ದೊಡ್ಡ ಸಾಹುಕಾರ ಬರೆಯದಿದ್ದರೂ ನಡೆದೀತು.

ಇನ್ನೊಂದು ವಿಷಯ ರೆಡಿಮೇಡ್ ಟಿಪ್ಪಣಿಯಲ್ಲಿ ಎಂದೂ ಸಿಗುವುದಿಲ್ಲ. ಅದು ಕನ್ನಡದ ಮಗು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತದೆ ಎಂಬುದು. ಎಡವುವ ಜಾಗಗಳು ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಂದೇ. 'ನನಗೆ ಇಬ್ಬರು ತಂಗಿಯರಿದ್ದಾರೆ' ಎಂಬುದನ್ನು ಮಗು ಹಾಗೇ ಪದಕ್ಕೆ ಪದ ಇಟ್ಟು 'ಟು ಮಿ ಟೂ ಸಿಸ್ಟರ್ಸ್ ಆರ್' ಎನ್ನುತ್ತದೆ. ಯಾಕೆಂದರೆ ಇಂಗ್ಲಿಷಿನ 'ಹ್ಯಾವ್' ಎಂಬುದಕ್ಕೆ ಸರಿಸಾಟಿಯಾದ ಕ್ರಿಯಾಪದ ಕನ್ನಡದಲ್ಲಿ ಇಲ್ಲ. 'ಎ', 'ದಿ' ಎಂಬ ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಮಗು ಅವನ್ನು ನುಂಗಿಬಿಡುತ್ತದೆ. 'ಅವನು ಬರ್ತಾನೆ' ಎಂಬ ಒಂದೇ ಮಾತು ಕನ್ನಡದಲ್ಲಿ ದಿನಾ ಬರುವುದಕ್ಕೂ ಸಲ್ಲುತ್ತದೆ, ನಾಳೆ ಬರುವುದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ. ಕ್ರಿಯಾಪದ ಕನ್ನಡದಲ್ಲಿ ವಾಕ್ಯದ ಕೊನೆಗೆ, ಅಲ್ಲಿ ನಡುವೆ. ಉಚ್ಚಾರಕ್ಕೆ ಬಂದರೆ 'ಬಸ್' ಹೋಗಿ 'ಬಸ್ಸು', 'ಎಗ್' ಹೋಗಿ 'ಯೆಗ್ಗು', 'ಓಲ್ಡ್' ಹೋಗಿ 'ವೋಲ್ಡು'. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಲು 'ಆಲು' ಆಗುವಂತೆ 'ಹೌಸ್' ಎಂಬುದು 'ಔಸು' ಆಗುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಮಗುವಿನ ತಪ್ಪೂ ಅಲ್ಲ. ಕನ್ನಡದ ಗಟ್ಟಿ ಅಭ್ಯಾಸ ಅದು.

ಯೋಜನೆ ಮಾಡುವ ಮೇಷ್ಟ್ರು ಇಂದಿನ ಪಾಠದಲ್ಲಿ ಇವುಗಳಲ್ಲಿ ಯಾವುದು ಎದುರಾಗುತ್ತದೆ ಎಂದು ಮೊದಲೇ ಗುರುತು ಹಾಕಿಕೊಳ್ಳುತ್ತಾರೆ. ತಂಗಿ-ತಮ್ಮಂದಿರ ಪಾಠವಾದರೆ 'ಐ ಹ್ಯಾವ್' ಎಂಬುದನ್ನು ಹತ್ತು ಮಕ್ಕಳ ಬಾಯಲ್ಲಿ ಆಡಿಸಿಯೇ ಮುಂದಕ್ಕೆ ಹೋಗುತ್ತಾರೆ. ಯೋಜನೆ ಇಲ್ಲದವರು ತಪ್ಪಾದ ಮೇಲೆ ಬೈಯುತ್ತಾರೆ. ಬೈಸಿಕೊಂಡ ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ. ಅಂಗಡಿಯಲ್ಲಿ ತಲೆ ತಗ್ಗಿಸಿ ನಿಲ್ಲುವ ಹುಡುಗ ತಯಾರಾಗುವುದು ಇಲ್ಲೇ.

ಈ ವಿಷಯದಲ್ಲಿ ರಾಜ್ಯದ ರಾಜಧಾನಿಗೇ ಒಂದು ಹೆಮ್ಮೆಯ ಕಥೆ ಇದೆ. ಊರಿನ ಮೇಷ್ಟ್ರುಗಳಲ್ಲೇ ಅನೇಕರಿಗೆ ಅದು ಗೊತ್ತಿಲ್ಲದಿರುವುದು ವಿಷಾದ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದರಾಸು, ಕಡಲೂರು ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಅಂದರೆ 1963ರಿಂದ ದಕ್ಷಿಣ ರಾಜ್ಯಗಳ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿರುವ ಸಂಸ್ಥೆ, ಅದರ ನೆಲೆ. ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ಅಲ್ಲಿ ಮಕ್ಕಳಿಗೆ ವ್ಯಾಕರಣ ಸೂತ್ರ ಉರು ಹೊಡೆಸಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮುಂದಿಟ್ಟು ಪ್ರಶ್ನೆ ಹಾಕಿದರು. ಇಷ್ಟು ಹೊತ್ತಿಗೆ ಅಲ್ಲಿರಬೇಕಾದರೆ ಯಾವ ರೈಲು ಹಿಡಿಯಬೇಕು? ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗು ತಾನೇ ಬಿಡಿಸುವುದು. ಕೆಲಸ ಮಕ್ಕಳಿಗೆ ತೂಕಕ್ಕೆ ಸರಿಯಾಗಿತ್ತೇ ಎಂದು ಅಳೆಯುವುದಕ್ಕೂ ಒಂದು ಸರಳ ಅಳತೆ ಇತ್ತು. ಅರ್ಧ ಕ್ಲಾಸಾದರೂ ಅರ್ಧ ಕೆಲಸವನ್ನಾದರೂ ಸರಿಯಾಗಿ ಮಾಡಿರಬೇಕು. ಇಲ್ಲದಿದ್ದರೆ ನಾಳೆಯದನ್ನು ಸ್ವಲ್ಪ ಸುಲಭ ಮಾಡು. ಮಕ್ಕಳ ಮನಸ್ಸು ಉತ್ತರದ ಮೇಲಿದ್ದಾಗ ಭಾಷೆ ಹಿಂದಿನಿಂದ ತಾನೇ ಬಂದು ಸೇರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದು ಪೂರ್ತಿ ಸರಿಯೋ ಅಲ್ಲವೋ ಎಂದು ಪಂಡಿತರು ಈಗಲೂ ಜಗಳವಾಡುತ್ತಾರೆ, ಆಡಲಿ. ಆದರೆ ಆ ಪಾಠಗಳಲ್ಲಿ ಒಂದೂ ಮೊದಲೇ ಯೋಚಿಸದೆ ನಡೆಯುವಂಥದ್ದಲ್ಲ. ಯಾವ ರೈಲು, ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ, ಎಲ್ಲಾ ಕೂತು ಲೆಕ್ಕ ಹಾಕಿದ್ದು.

ಇದನ್ನು ಈ ಊರಿನಲ್ಲಿ ಮಾಡುವುದಕ್ಕೆ ಏನು ಅಡ್ಡಿ? ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಇದೆ. ಮೇಷ್ಟ್ರು ಬಸ್ಸಿಗೆ ಕಾಯುತ್ತಾ ಅದರ ಎಂಟು ಸಾಲು ಬರೆದುಕೊಂಡರೆ ಮರುದಿನದ ಪಾಠ ಸಿಕ್ಕಿತು. ಅಂಗಡಿಯಲ್ಲಿ ಸಾಬೂನಿನ ಹೊದಿಕೆ, ಬಿಸ್ಕತ್ತಿನ ಪ್ಯಾಕೆಟ್ಟು, ಔಷಧಿ ಡಬ್ಬಿ ಇವೆ. ನೆಟ್ ವೇಯ್ಟ್ ಎಷ್ಟು, ಎಂ.ಆರ್.ಪಿ. ಎಷ್ಟು, ಯಾವ ತಿಂಗಳೊಳಗೆ ಉಪಯೋಗಿಸಬೇಕು, ಎಲ್ಲಿ ತಯಾರಾದದ್ದು. ಪ್ರತಿ ಮಗು ಮನೆಯಿಂದ ಒಂದು ಖಾಲಿ ಹೊದಿಕೆ ತಂದರೆ ನಲವತ್ತು ಬೇರೆ ಬೇರೆ ಪಠ್ಯಪುಸ್ತಕ! ಅಂಗಡಿ ಹುಡುಗನಿಗೆ ಬೇಕಾದ ಇಂಗ್ಲಿಷೂ ಇದೇ. ಷೇಕ್ಸ್‌ಪಿಯರ್ ಆಮೇಲೆ ಬರಲಿ, ಯಾರೂ ಬೇಡ ಅನ್ನುವುದಿಲ್ಲ.

ಮೇಷ್ಟ್ರ ಕಡೆಯ ಮಾತನ್ನೂ ಕೇಳಬೇಕು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು ಐದನೇ ತರಗತಿಯಿಂದ. ಕಲಿಸಬೇಕಾದವರು ತಾವೇ ಕನ್ನಡ ಮಾಧ್ಯಮದಲ್ಲಿ ಓದಿದವರು, ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಕಂಡವರು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಭಾರ ಏರುತ್ತಲೇ ಹೋಯಿತು, ಹೊರುವ ಹೆಗಲು ಅದೇ. ಆದರೆ ತಮ್ಮ ಇಂಗ್ಲಿಷಿನ ಮೇಲೆ ಅಷ್ಟು ಧೈರ್ಯವಿಲ್ಲದ ಮೇಷ್ಟ್ರಿಗೇ ಯೋಜನೆ ಹೆಚ್ಚು ನೆರವಾಗುವುದು. ನಾಳೆ ಕ್ಲಾಸಿನಲ್ಲಿ ಆಡಬೇಕಾದ ಹತ್ತು ವಾಕ್ಯವನ್ನು ಹಿಂದಿನ ರಾತ್ರಿ ಬರೆದು, ಎರಡು ಸಲ ಗಟ್ಟಿಯಾಗಿ ಓದಿಕೊಂಡು ಹೋದವರಿಗೆ ಬಾಯಿ ತಡವರಿಸುವುದಿಲ್ಲ. ಹರಟೆಯಂತೆ ಇಂಗ್ಲಿಷ್ ಆಡಬಲ್ಲವರಿಗೆ ಇದು ಬೇಕಾಗದೇ ಇರಬಹುದು. ಅಂಥವರು ತಾಲ್ಲೂಕಿಗೆ ಎಷ್ಟು ಮಂದಿ?

ಸಮಯದ ದೂರು ಸುಳ್ಳಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಮೇಷ್ಟ್ರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ ಎಂದಿದೆ. ಅದರಲ್ಲಿ ಪಾಠದ ತಯಾರಿಯ ವೇಳೆಯೂ ಸೇರಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ತಯಾರಿ ಎಂಬುದು ಮೇಷ್ಟ್ರು ಮನೆಯಲ್ಲಿ ಮಾಡುವ ಪುಣ್ಯದ ಕೆಲಸವಲ್ಲ, ಕಾನೂನಿನ ಪ್ರಕಾರ ನೌಕರಿಯ ಭಾಗ. ಆದರೆ ಆ ವೇಳೆ ಎಲ್ಲಿ ಹೋಯಿತು? ಮೊಟ್ಟೆ ಎಣಿಸುವುದರಲ್ಲಿ, ಹಾಲಿನ ಪುಡಿ ಲೆಕ್ಕ ಬರೆಯುವುದರಲ್ಲಿ, ಮಕ್ಕಳ ಮಾಹಿತಿಯನ್ನು ಆನ್‌ಲೈನಿಗೆ ಏರಿಸುವುದರಲ್ಲಿ, ಸರ್ವರ್ ಇಲ್ಲ ಎಂದು ಕಾಯುವುದರಲ್ಲಿ ಹೋಯಿತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಬೇರೆ ಕೆಲಸಕ್ಕೆ ಮೇಷ್ಟ್ರುಗಳನ್ನು ಹಚ್ಚಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆ ಮನೆ ಸುತ್ತಿದವರು ಶಾಲಾ ಮೇಷ್ಟ್ರುಗಳೇ. ಮುಗಿಯಲಿಲ್ಲವೆಂದು ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಬೇರೆ ಮಾತು. ಹೋದ ಪೀರಿಯಡ್ಡುಗಳು ಮಾತ್ರ ಹೋದವು.

ಖಾಸಗಿ ಕಾನ್ವೆಂಟುಗಳಲ್ಲಿ ಎಲ್ಲಾ ಸರಿಯಿದೆ ಎಂದುಕೊಂಡು ಸಾಲ ಮಾಡಿ ಫೀಸು ಕಟ್ಟುವವರೂ ಸ್ವಲ್ಪ ಕಣ್ಣು ತೆರೆಯಬೇಕು. ಅಲ್ಲಿನ ಮಿಸ್ಸುಗಳಿಗೆ ದಿನಕ್ಕೆ ಏಳು ಪೀರಿಯಡ್ಡು, ಸಂಬಳ ಮಾತ್ರ ಬಾಯಿಬಿಟ್ಟು ಹೇಳುವಂತಿಲ್ಲ. ತಯಾರಿಗೆ ಅವರಿಗೂ ಬಿಡುವಿಲ್ಲ. ಟೈ ಕಟ್ಟಿದ ಮಾತ್ರಕ್ಕೆ ಪಾಠ ಯೋಜನೆಯಾಗುವುದಿಲ್ಲ. ಇನ್ನು ಅತಿಥಿ ಶಿಕ್ಷಕರ ಪಾಡು ಕೇಳುವುದೇ ಬೇಡ. ಶಾಲೆ ಶುರುವಾಗಿ ವಾರಗಳು ಕಳೆದ ಮೇಲೆ ಬರುತ್ತಾರೆ, ಕೈಗೊಂದು ಸೀಮೆಸುಣ್ಣ ಕೊಟ್ಟು "ಹೋಗಿ, ಎಂಟನೇ ಕ್ಲಾಸು" ಎನ್ನುತ್ತಾರೆ.

ಯೋಜನೆ ಎಂದರೆ ಮೇಷ್ಟ್ರ ಕೈಕಾಲು ಕಟ್ಟುವ ಹಗ್ಗವೂ ಅಲ್ಲ. ಅರಸೀಕೆರೆಗೆ ಹೊರಟ ಬಸ್ಸಿನ ಡ್ರೈವರಿಗೆ ದಾರಿ ಗೊತ್ತಿರುತ್ತದೆ. ಮರ ಬಿದ್ದಿದ್ದರೆ ಅಡ್ಡದಾರಿ ಹಿಡಿಯುತ್ತಾನೆ, ಜಾತ್ರೆಯಿದ್ದರೆ ಸುತ್ತು ಹಾಕುತ್ತಾನೆ. ಆದರೆ ತಲುಪುವುದು ಅರಸೀಕೆರೆಗೇ. ಊರೇ ಗೊತ್ತುಮಾಡಿಕೊಳ್ಳದೆ ಬಸ್ ಹೊರಡಿಸಿದರೆ ಪ್ರಯಾಣಿಕರು ಸುಮ್ಮನಿರುತ್ತಾರೆಯೇ? ಮಕ್ಕಳು ಪಾಪ, ಟಿಕೆಟ್ ದುಡ್ಡು ವಾಪಸ್ ಕೇಳುವುದಿಲ್ಲ.

ಇಲಾಖೆಯವರು ದೊಡ್ಡದೇನೂ ಮಾಡಬೇಕಾಗಿಲ್ಲ. ಹತ್ತು ಕಾಲಮ್ಮಿನ ನಮೂನೆ ತೆಗೆದು ಅರ್ಧ ಪುಟ ಸಾಕು ಎನ್ನಲಿ. ಇಂದು ಮಕ್ಕಳು ಇಂಗ್ಲಿಷಿನಲ್ಲಿ ಏನು ಮಾಡುತ್ತಾರೆ, ಎಲ್ಲಿ ಎಡವಬಹುದು, ಎಷ್ಟು ನಿಮಿಷ ಯಾರ ಬಾಯಿ ಆಡಬೇಕು. ಕೆಳಗೆ ಎರಡು ಸಾಲು ಖಾಲಿ ಇರಲಿ, ಪಾಠ ಆದ ಮೇಲೆ ಬರೆಯುವುದಕ್ಕೆ. 'ಹಿಂದಿನ ಬೆಂಚಿನ ಆರು ಮಂದಿಗೆ ತಿಳಿಯಲಿಲ್ಲ, ನಾಳೆ ಮತ್ತೆ.' ಇಂಥ ಒಂದು ಸಾಲು ಬೈಂಡ್ ಮಾಡಿದ ಇಡೀ ಪುಸ್ತಕಕ್ಕಿಂತ ಬೆಲೆಯುಳ್ಳದ್ದು, ಅದನ್ನು ಯಾವ ಮೊಬೈಲಿನಿಂದಲೂ ಇಳಿಸಿಕೊಳ್ಳುವುದಕ್ಕಾಗುವುದಿಲ್ಲ. ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವುದನ್ನು ಕಡಿಮೆ ಮಾಡಿ, ಇಂಗ್ಲಿಷ್ ಕಲಿಸುವವರನ್ನು ಒಟ್ಟಿಗೆ ಕೂರಿಸಿ ಮುಂದಿನ ತಿಂಗಳ ನಾಲ್ಕು ಪಾಠವನ್ನಾದರೂ ಸೇರಿ ತಯಾರು ಮಾಡಿಸಲಿ. ಜಿಲ್ಲೆಗೊಂದು ಡಯಟ್ ಇರುವುದು ಮತ್ತೆ ಯಾತಕ್ಕೆ? ಮುಖ್ಯೋಪಾಧ್ಯಾಯರು ವಾರಕ್ಕೊಮ್ಮೆ ಸಹಿಯ ಬದಲು ಹತ್ತು ನಿಮಿಷ ಹಿಂದಿನ ಬೆಂಚಿನಲ್ಲಿ ಕೂರಲಿ.

ಪೋಷಕರೂ ಒಂದು ಕೆಲಸ ಮಾಡಬಹುದು. ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ಕಾಂಪೌಂಡು, ಪೇಂಟು, ಶೌಚಾಲಯದ ಮಾತು ಮುಗಿದ ಮೇಲೆ ಎದ್ದು ನಿಂತು, ಜಗಳದ ದನಿಯಲ್ಲಲ್ಲ, ಸಮಾಧಾನವಾಗಿ ಕೇಳಲಿ: "ಮೇಷ್ಟ್ರೇ, ನಾಳೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಮಕ್ಕಳು ಏನು ಮಾತಾಡ್ತಾರೆ?"